ಹೆಬ್ಬೆರಳಿನಷ್ಟು ಸಂದು

ನಾನು ಕಟ್ಟಿಸಿದ ಮೊದಲ ಸೇತುವೆ ಅಳತೆಯಲ್ಲಿ ಹೆಬ್ಬೆರಳಿನಷ್ಟು ಮೋಟಾಗಿದೆ ಎಂಬ ಸುದ್ದಿ ನನ್ನ ಕಿವಿಗೆ ಬಿದ್ದದ್ದು ನಮ್ಮ ಹೋಟೆಲಿನಲ್ಲೇ. ಶಿರಸಿಯ ಬಸ್ ಸ್ಟ್ಯಾಂಡಿನ ಹತ್ತಿರ ಅಪ್ಪಯ್ಯನ ಹೋಟೆಲು. ಅಲ್ಲಿಗೆ ಬಾರದ ಸುದ್ದಿ ಊರಿಗೇ ಬಂದಿಲ್ಲವೆಂದು ಲೆಕ್ಕ. ನಾನು ಅಡಿಗೆಮನೆಯ ಬಾಗಿಲ ಹಿಂದೆ ನಿಂತು ಕಷಾಯ ಕುಡಿಯುತ್ತಿದ್ದೆ. ಹೊರಗೆ ಬೆಂಚಿನ ಮೇಲೆ ಯಾರೋ ಬನ್ಸ್ ಮುರಿಯುತ್ತ ಹೇಳಿದರು: “ಅಡಿ ಲೆಕ್ಕ ಬಿಟ್ಟು ಮೀಟರ್ ಲೆಕ್ಕ ಹಿಡಿದ್ರಲ, ಅದಕ್ಕೇ ಮೋಟಾತು. ಅದ್ರ ಮೇಲೆ ಅಳದವಳು ಹೆಣ್ಣುಡುಗಿ. ಇನ್ನೆಂತ ಆಗ್ತು?”

ಮೊದಲು ನಗು ಬಂತು. ಆಮೇಲೆ ಬಂದ ಸಿಟ್ಟು ಕೈಯಲ್ಲಿದ್ದ ಕಷಾಯಕ್ಕಿಂತ ಬಿಸಿಯಾಗಿತ್ತು. ಯಾಕೆಂದರೆ ಆ ಸಂದು ತಪ್ಪಿ ಉಳಿದದ್ದಲ್ಲ. ಸೇತುವೆಯ ಹಾಸು, ಅಂದರೆ ಓಡಾಡುವ ಚಪ್ಪಡಿ, ಒಂದು ತುದಿಯಲ್ಲಿ ದಡದ ಗೋಡೆಗೆ ತಾಗದಂತೆ ನಾನೇ ಲೆಕ್ಕ ಹಾಕಿ, ನಾನೇ ಎದುರು ನಿಂತು ಬಿಡಿಸಿದ ಜಾಗ ಅದು. ಹೊರಗೆ ಹೋಗಿ ಬೆಂಚಿನವರಿಗೆ ಒಂದು ಪಾಠ ಮಾಡಿಯೇ ಬಿಡೋಣ ಎಂದು ಕಾಲು ಎತ್ತಿದ್ದೆ. ಅಷ್ಟರಲ್ಲಿ ಆಯಿ, ನನ್ನ ಅಮ್ಮ, ಸೆರಗು ಹಿಡಿದು ಎಳೆದಳು. “ಗಿರಾಕಿಗಳ ಸಂಗ್ತಿಗೆ ಜಗಳ ಬ್ಯಾಡ, ಒಳಗೆ ಬಾ” ಎಂದಳು. ನಾನು ಒಳಗೆ ಬಂದೆ. ಹಣ ಎಣಿಸುವ ಗಲ್ಲದ ಮೇಲೆ ಕುಳಿತ ಅಪ್ಪಯ್ಯ ಬೆಂಚಿನವರ ಆ ಮಾತು ಕೇಳಿಯೂ ಬಾಯಿ ಮುಚ್ಚಿಕೊಂಡೇ ಇದ್ದ. ಅವನು ಹಾಗೆ ಸುಮ್ಮನಿದ್ದದ್ದು ಯಾಕೆಂದು ನನಗೆ ಆಮೇಲೆ ತಿಳಿಯಿತು.

ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ನಾನು ಹೈಸ್ಕೂಲಿನಲ್ಲಿದ್ದೆ. ಗಣಿತದಲ್ಲಿ ನನಗೆ ಒಳ್ಳೆಯ ಅಂಕ ಬಂದ ಹುರುಪಿನಲ್ಲಿ ಅಪ್ಪಯ್ಯ ಹೋಟೆಲು ತುಂಬ ಜನರಿದ್ದಾಗ “ಈ ಕೂಸಿನ ಇಂಜಿನಿಯರ್ ಮಾಡಿಸ್ತಿ” ಎಂದುಬಿಟ್ಟ. ಇಂಜಿನಿಯರ್ ಎಂದರೆ ಏನು ಓದಬೇಕು, ಎಲ್ಲಿ ಓದಬೇಕು ಎಂಬುದು ಅವನಿಗೂ ಗೊತ್ತಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ದಿನವೂ ಚಾ ಕುಡಿಯಲು ಬರುವವರು “ಎಂತ ಆತು ನಿಮ್ಮ ಇಂಜಿನಿಯರು?” ಎಂದು ಕೇಳತೊಡಗಿದ ಮೇಲೆ ಅವನಿಗೆ ಹಿಂದೆ ಸರಿಯುವ ದಾರಿಯೇ ಉಳಿಯಲಿಲ್ಲ. ಹೀಗೆ, ಅಪ್ಪಯ್ಯನ ಬಾಯಿಚಪಲದಿಂದಾಗಿ ನಾನು ಹುಬ್ಬಳ್ಳಿಗೆ ಹೋದೆ. ಅತ್ತೆಯ ಮನೆಯಲ್ಲಿ ಉಳಿದು, ಹುಡುಗರೇ ತುಂಬಿದ ತರಗತಿಯ ಮೊದಲ ಬೆಂಚಿನಲ್ಲಿ ಒಬ್ಬಳೇ ಕುಳಿತು ಸಿವಿಲ್ ಇಂಜಿನಿಯರಿಂಗ್ ಓದಿದೆ.

ಆ ಓದಿನ ಸಂಭ್ರಮವನ್ನು ಹೇಳಿದರೆ ಈಗಲೂ ನನ್ನ ಮಾತು ಓಡತೊಡಗುತ್ತದೆ. ಪ್ರಯೋಗಶಾಲೆಯಲ್ಲಿ ಒಂದು ಯಂತ್ರವಿತ್ತು. ಕಬ್ಬಿಣದ ಸರಳನ್ನು ಎರಡೂ ಕಡೆ ಹಿಡಿದು ಎಳೆಯುವುದು ಅದರ ಕೆಲಸ. ಮೊದಲ ಸಲ ನೋಡಿದ ದಿನ ಸರಳು ಕಣ್ಣೆದುರೇ ಉದ್ದವಾಯಿತು, ನಡುವೆ ಸೊಂಟದಂತೆ ಸಣ್ಣಗಾಯಿತು, ಕೊನೆಗೆ ಢಮ್ ಎಂದು ತುಂಡಾಯಿತು. ಹುಡುಗರು ಹಿಂದಕ್ಕೆ ಹಾರಿದರು. ನಾನು ಚಪ್ಪಾಳೆ ತಟ್ಟಿಬಿಟ್ಟೆ. ಕಬ್ಬಿಣವೂ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ, ಮಿತಿ ಮೀರಿದರೆ ಮಾತ್ರ ಮುರಿಯುತ್ತದೆ, ಆ ಮಿತಿಯನ್ನು ನಾನು ಕಾಗದದ ಮೇಲೆ ಮೊದಲೇ ಹೇಳಬಲ್ಲೆ! ಇದಕ್ಕಿಂತ ದೊಡ್ಡ ಮಂತ್ರ ನಮ್ಮ ಮನೆಗೆ ಬರುತ್ತಿದ್ದ ಯಾವ ಪುರೋಹಿತರಿಗೂ ಗೊತ್ತಿದ್ದಂತೆ ನನಗೆ ಕಾಣಲಿಲ್ಲ.

ರಜೆಯಲ್ಲಿ ಮನೆಗೆ ಬಂದಾಗ ಕಣ್ಣೇ ಬೇರೆಯಾಗಿತ್ತು. ಹೋಟೆಲಿನ ಉದ್ದ ಬೆಂಚು ಜನ ಕೂತರೆ ನಡುವೆ ಬಗ್ಗುವುದನ್ನು ಹುಟ್ಟಿದಾಗಿನಿಂದ ನೋಡಿದ್ದೆ, ಆದರೆ ನೋಡಿರಲಿಲ್ಲ. ಬೆಂಚಿನ ಅಡಿಗೆ ಮಲಗಿಸಿ ಹೊಡೆದಿದ್ದ ಹಲಗೆಯನ್ನು ಬಿಚ್ಚಿ, ಅದನ್ನೇ ಅಂಚಿನ ಮೇಲೆ ನಿಲ್ಲಿಸಿ ಹೊಡೆಸಿದೆ. ಅದೇ ಹಲಗೆ, ಅದೇ ಮೊಳೆ. ಬೆಂಚು ಬಗ್ಗುವುದು ನಿಂತಿತು. ಅಪ್ಪಯ್ಯ ಆ ವಾರವಿಡೀ ದಪ್ಪ ಗಿರಾಕಿಗಳನ್ನು ಹುಡುಕಿ ಹುಡುಕಿ ಅದೇ ಬೆಂಚಿನ ಮೇಲೆ ಕೂರಿಸಿದ.

ಊರಿಗೆ ಮಾತ್ರ ಇಂಜಿನಿಯರ್ ಎಂದರೆ ಇಂಜಿನ್ ಗೊತ್ತಿರುವವರು. ನಾನು ರಜೆಗೆ ಬಂದ ಸುಳಿವು ಸಿಕ್ಕರೆ ಸಾಕು, ಕೆಟ್ಟ ಟಾರ್ಚು, ಉರಿಯದ ಸ್ಟೋವು, ನಿಂತ ಗಡಿಯಾರ ಎಲ್ಲವೂ ಹೋಟೆಲಿನ ಗಲ್ಲದ ಮೇಲೆ ಸಾಲಾಗಿ ಕೂರುತ್ತಿದ್ದವು. ಓದು ಮುಗಿದ ವರ್ಷ ಸಿದ್ದಾಪುರದಿಂದ ಒಂದು ನೆಂಟಸ್ತಿಕೆ ಬಂತು. ಹುಡುಗನ ಸೋದರತ್ತೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಹಾಡು ಬತ್ತನೇ ಕೂಸೇ?” ಎಂದು ಕೇಳಿದರು. “ಬತ್ತಿಲ್ಲೆ” ಎಂದೆ.

“ಅಡ್ಡಿಲ್ಲೆ. ಹಂಗಾರೆ ನಮ್ಮನೆ ರೇಡಿಯೋ ಒಂದು ನೋಡಿಕೊಡು.” ನಿಜವಾಗಿಯೂ ಅವರು ರೇಡಿಯೋವನ್ನು ಪಂಚೆಯಲ್ಲಿ ಸುತ್ತಿ ತಂದಿದ್ದರು! ನಾನು ಸಿವಿಲ್ ಇಂಜಿನಿಯರು, ಸೇತುವೆ ಕಟ್ಟುವವಳು ಎಂದು ವಿವರಿಸಿದೆ. ಆಕೆ ರೇಡಿಯೋವನ್ನು ಮತ್ತೆ ಪಂಚೆಯಲ್ಲಿ ಸುತ್ತುತ್ತ “ಮನೆಯೊಳಗೆ ಸೇತುವೆ ಎಂತಕ್ಕೆ ಬೇಕು?” ಎಂದರು. ಅಲ್ಲಿಗೆ ಸಂಬಂಧ ಮುಗಿಯಿತು. ಅಪ್ಪಯ್ಯ ನಕ್ಕೂ ನಕ್ಕೂ ಕೆಮ್ಮಿದ. ಆಯಿ ನಗಲಿಲ್ಲ. ಮಗಳು ಯಾರಿಗೂ ಅರ್ಥವಾಗದ ಒಂದು ವಸ್ತುವಾಗಿ ಹುಬ್ಬಳ್ಳಿಯಿಂದ ವಾಪಸಾಗಿದ್ದಾಳೆ ಎಂಬ ಸಂಕಟ ಅವಳದು.

ಸರಕಾರಿ ಕೆಲಸ ಸಿಕ್ಕಿ ಶಿರಸಿಗೇ ಹಾಕಿದರು. ನಮ್ಮ ಮೇಲಧಿಕಾರಿ ಮೈಸೂರು ಕಡೆಯವರು, ಮೆಲುಮಾತಿನವರು. ಕೆಲವು ತಿಂಗಳು ನನ್ನ ಕೆಲಸ ನೋಡಿ ಒಂದು ದಿನ ಕರೆದರು. “ನೋಡಮ್ಮ, ಬನವಾಸಿ ರಸ್ತೆಯ ಹಳ್ಳಕ್ಕೆ ಒಂದು ಚಿಕ್ಕ ಸೇತುವೆ ಆಗಬೇಕು. ನಿಮ್ಮ ಕೈಗೇ ಕೊಡ್ತೀನಿ. ಮಳೆಗೆ ಮುಂಚೆ ನಾನೇ ಬಂದು ಭಾರ ಹೊರಿಸಿ ಪರೀಕ್ಷೆ ಮಾಡ್ತೀನಿ. ಪಾಸಾದರೆ ಮಳೆ ಕಳೆದ ಮೇಲೆ ಯಲ್ಲಾಪುರದ ಕಡೆ ದೊಡ್ಡ ಸೇತುವೆ ನಿಮಗೆ. ಇಲ್ಲದಿದ್ದರೆ ಬೇಜಾರಿಲ್ಲ, ಧಾರವಾಡದ ಕಚೇರಿಯಲ್ಲಿ ನಕ್ಷೆ ಬರೆಯೋ ಹಾಲ್ ಇದೆ. ಫ್ಯಾನ್ ಕೂಡ ಇದೆ.”

ಆ ಫ್ಯಾನಿನ ಮಾತು ನನ್ನನ್ನು ಎಷ್ಟು ಚುಚ್ಚಿತೆಂದರೆ ಆಮೇಲೆ ಎಷ್ಟೋ ವರ್ಷ ತಲೆಯ ಮೇಲೆ ಫ್ಯಾನ್ ತಿರುಗಿದರೆ ನನಗೆ ಅವಮಾನವಾದಂತೆ ಆಗುತ್ತಿತ್ತು. ಆಯಿಗೆ ಮಾತ್ರ ಅದು ದೇವರೇ ಕೊಟ್ಟ ಫ್ಯಾನು. ಯಲ್ಲಾಪುರದ ಕೆಲಸವೆಂದರೆ ಮಾಗೋಡಿನ ದಾರಿಯ ಕಾಡಿನಲ್ಲಿ ತಗಡಿನ ಶೆಡ್ಡು. “ಆ ಕಾಡಲ್ಲಿ ಹೆಣ್ಣುಕೂಸು ಒಂದೇ ಹೆಂಗೆ ಇರ್ತು? ಧಾರವಾಡಕ್ಕಾದ್ರೆ ಆನೇ ಕಳಿಸಿಕೊಡ್ತಿ. ಯಲ್ಲಾಪುರಕ್ಕೆ ಯನ್ನ ಕೇಳಡ” ಎಂದು, ತನ್ನ ಒಪ್ಪಿಗೆ ಧಾರವಾಡಕ್ಕೆ ಮಾತ್ರ ಎಂಬುದನ್ನು ಅವಳು ಖಡಾಖಂಡಿತ ಹೇಳಿದ್ದಳು. ಅಂದರೆ ಪರೀಕ್ಷೆ ಪಾಸಾಗಲೆಂದು ನಾನು, ಫೇಲಾದರೂ ಕೆಟ್ಟದ್ದೇನಿಲ್ಲವೆಂದು ಆಯಿ, ನಡುವೆ ಎರಡೂ ಕಡೆ ತಲೆ ಆಡಿಸುವ ಅಪ್ಪಯ್ಯ.

ಬೇಸಗೆಯಿಡೀ ನಾನು ಆ ಹಳ್ಳದಲ್ಲೇ ಇದ್ದೆ. ಮೊದಲ ಬಸ್ಸಿಗೆ ಹೋಗಿ ಕೊನೆಯ ಬಸ್ಸಿಗೆ ಬರುತ್ತಿದ್ದೆ. ಕಾಂಕ್ರೀಟು ಸುರಿದ ದಿನ ಕೂಗಿ ಕೂಗಿ ಗಂಟಲು ಹೋಗಿತ್ತು. ಮರುದಿನ ಹಾಸಿನ ಮೇಲೆ ಗೋಣಿತಾಟು ಹಾಸಿ ನೀರು ಹೊಯ್ಯಿಸುವಾಗ, ಹೊಸ ಸಿಮೆಂಟಿನ ಆ ಹಸಿ ವಾಸನೆಗೆ ನನಗೆ ಕುಣಿಯಬೇಕು ಅನ್ನಿಸಿತು. ಕುಣಿದರೆ ಕೆಲಸದವರು ಏನಂದಾರೆಂದು ಸುಮ್ಮನೆ ಎರಡು ಸಲ ಆ ದಡದಿಂದ ಈ ದಡಕ್ಕೆ ಓಡಾಡಿದೆ. ಹಾಸಿನ ಅಡಿಯ ಆಧಾರದ ಮರಗಳನ್ನು ತೆಗೆದ ಮೇಲೆ ನೋಡಲು ಬಂದವರ ಕಣ್ಣಿಗೆ ಬಿದ್ದದ್ದು ಸೇತುವೆಯಲ್ಲ, ಆ ಸಂದು. ಅಲ್ಲಿಂದ ಹುಟ್ಟಿದ ಸುದ್ದಿಯೇ ನಮ್ಮ ಹೋಟೆಲಿನ ಬೆಂಚಿಗೆ ಬಂದು ಕುಳಿತದ್ದು.

ಪರೀಕ್ಷೆಯ ಹಿಂದಿನ ಮಧ್ಯಾಹ್ನ ನಾನು ಕೊನೆಯದಾಗಿ ಒಮ್ಮೆ ನೋಡಿಬರಲು ಹೋದೆ. ದಡದ ತುದಿಗೆ ಬಂದು ನಿಂತು ಕೆಳಗೆ ನೋಡಿದೆ. ನನ್ನ ಸಂದು ಇಲ್ಲ! ಅದರ ಉದ್ದಕ್ಕೂ ಯಾರೋ ಸುಣ್ಣದ ಗಾರೆ ತುಂಬಿ, ಕರಣೆಯಲ್ಲಿ ತಿಕ್ಕಿ, ಕನ್ನಡಿಯಂತೆ ನಯ ಮಾಡಿದ್ದರು. ಬಿಳಿ ಗಾರೆಯ ಮೇಲೆ ಕಟ್ಟಿರುವೆಗಳ ಸಾಲು ರಸ್ತೆಯ ಆ ಅಂಚಿನಿಂದ ಈ ಅಂಚಿಗೆ ಮೆರವಣಿಗೆ ಹೊರಟಿತ್ತು. ಬಗ್ಗಿ ಮೂಸಿದೆ. ಬೆಲ್ಲ. ಗಾರೆ ಗಟ್ಟಿಯಾಗಲೆಂದು ಹಳೆಯ ಕಾಲದವರು ಬೆಲ್ಲದ ನೀರು ಹಾಕುತ್ತಾರೆ. ಆದರೆ ಇರುವೆ ಮುತ್ತುವಷ್ಟು ಧಾರಾಳವಾಗಿ ಬೆಲ್ಲ ಸುರಿಯಬಲ್ಲವನು, ಮಗಳ ಮಾನಕ್ಕಾಗಿ ಹೋಟೆಲಿನ ಬೆಲ್ಲದ ಡಬ್ಬಿಯನ್ನೇ ಬರಿದು ಮಾಡಬಲ್ಲವನು, ಈ ಮೂರು ತಾಲೂಕಿನಲ್ಲಿ ಒಬ್ಬನೇ.

ಸಿಕ್ಕಿದ ಸರಕು ಲಾರಿಗೆ ಕೈಮಾಡಿ ಶಿರಸಿಗೆ ಬಂದೆ. ಹೋಟೆಲಿಗೆ ಹೋಗಿ ಗಲ್ಲದ ಎದುರು ನಿಂತೆ. ಅಪ್ಪಯ್ಯ ನನ್ನ ಮುಖ ನೋಡಿಯೇ ಎದ್ದು ನಿಂತು ತನ್ನ ಎದೆ ಮುಟ್ಟಿಕೊಂಡ.

“ಆನೇ ತುಂಬ್ಸಿದ್ದು. ನಾಳೆ ನಿನ್ನ ಸಾಹೇಬ ನೋಡಿರೆ ನಿನ್ನ ಹೆಸ್ರು ಹಾಳಾಗ್ತು ಹೇಳಿ. ಬೆಳಗ್ಗೆ ಗಾರೆಯವನ ಕರ್ಕಂಡು ಹೋಗಿ ತುಂಬ್ಸಿಕ್ಕಿ ಬಂದದ್ದು. ಗಟ್ಟಿ ಇದ್ದು, ಹೆದ್ರಡ.”

“ಗಟ್ಟಿ ಇದ್ದದ್ದೇ ತೊಂದ್ರೆ, ಅಪ್ಪಯ್ಯ!” ಎಂದು ನಾನು ಕೂಗಿದ್ದು ಬಸ್ ಸ್ಟ್ಯಾಂಡಿಗೆಲ್ಲ ಕೇಳಿಸಿರಬೇಕು. ಗಿರಾಕಿಗಳು ಕಪ್ಪು ಕೆಳಗಿಟ್ಟರು. ನನಗೆ ಅಳುವೂ ಬಂತು. ಆಮೇಲೆ ಅವನ ಮುಖ ನೋಡಿದೆ. ಬೆರಳ ಸಂದಿಯಲ್ಲಿ ಇನ್ನೂ ಸುಣ್ಣ ಮೆತ್ತಿತ್ತು. ಸಿಟ್ಟು ನುಂಗಿಕೊಂಡು ಕೇಳಿದೆ: “ನಮ್ಮನೆ ಹಿತ್ಲ ಬಾಗ್ಲು ಮಳೆಗಾಲದಲ್ಲಿ ಎಂತಕ್ಕೆ ಮುಚ್ಚಲಾಗ್ತಿಲ್ಲೆ?”

“ಉಬ್ಬತ್ತಲೇ. ನೀರು ಕುಡದು.”

“ಸೇತುವೆಯೂ ಹಂಗೇ. ಬಾಗ್ಲು ನೀರಿಗೆ ಉಬ್ಬತ್ತು, ಇದು ಬಿಸಿಲಿಗೆ ಉಬ್ಬತ್ತು. ಉದ್ದ ಆಗ್ತು. ಉದ್ದ ಆಗಲೆ ಜಾಗ ಇಲ್ದಿದ್ರೆ ದಡದ ಗೋಡೆ ದೂಡಿ ಒಡೆತ್ತು, ಇಲ್ದಿದ್ರೆ ತಾನೇ ಒಡೆತ್ತು. ಆ ಜಾಗ ಆನೇ ಬಿಟ್ಟದ್ದು.”

ಅಪ್ಪಯ್ಯ ಅಡಿಗೆಮನೆಯ ಬಾಗಿಲಿನತ್ತ ತಿರುಗಿ ನೋಡಿದ. “ಬೇಕು ಹೇಳಿಯೇ ಬಿಟ್ಟದ್ದಾ?” ಎಂದ. “ಬೇಕು ಹೇಳಿಯೇ” ಎಂದೆ. ಅವನು ಗಲ್ಲ ಬಿಟ್ಟು ಇಳಿದು, ಹೆಗಲ ಮೇಲಿನ ಟವೆಲನ್ನು ತಲೆಗೆ ಸುತ್ತಿ, ತೆಂಗಿನಕಾಯಿ ಸುಲಿಯುವ ಜಾಗದಲ್ಲಿದ್ದ ಉಳಿ ಸುತ್ತಿಗೆ ಕೈಗೆತ್ತಿಕೊಂಡ. ಸೇತುವೆಗೆ ಹಿಂತಿರುಗಿ, ಸಂಜೆಯ ಬೆಳಕು ಇರುವವರೆಗೂ ನಾವಿಬ್ಬರು ಮಂಡಿಯೂರಿ ಕೂತು ಅವನ ಸಿಹಿ ಗಾರೆಯನ್ನು ಕೆದಕಿ ತೆಗೆದೆವು. ಗಾರೆ ಇನ್ನೂ ಹಸಿಯಿದ್ದುದು ನಮ್ಮ ಪುಣ್ಯ. ಇರುವೆಗಳು ಇಬ್ಬರನ್ನೂ ಕಚ್ಚಿದವು. “ಬೆಲ್ಲ ಕಮ್ಮಿ ಹಾಕಿದ್ರೆ ಆಗ್ತಿತ್ತು” ಎಂದು ಅವನು ಗೊಣಗಿದಾಗ ನನಗೆ ತಡೆಯಲಾರದ ನಗು ಬಂತು.

ಮರುದಿನ ಬೆಳಗ್ಗೆ ಸಾಹೇಬರು ಜೀಪಿನಲ್ಲಿ ಬಂದರು. ಬನವಾಸಿ ಕಡೆಯ ಬಂಡಿಗಳನ್ನು ಕೆಂಪು ಚಿರೆಕಲ್ಲು ಹೇರಿಸಿ ಮೊದಲೇ ಗೊತ್ತು ಮಾಡಿದ್ದೆವು. ಆ ಬಂಡಿಗಳು ಸಾಲಾಗಿ ಸೇತುವೆಯ ಮೇಲೆ ನಿಲ್ಲಬೇಕು. ಹಾಸು ಎಷ್ಟು ಬಗ್ಗುತ್ತದೆ, ಭಾರ ಇಳಿದ ಮೇಲೆ ಪೂರ್ತಿ ಮೇಲೆ ಬರುತ್ತದೋ ಇಲ್ಲವೋ ನೋಡಬೇಕು. ಇದೇ ಪರೀಕ್ಷೆ. ಆದರೆ ಮೊದಲ ಬಂಡಿಯ ಯಜಮಾನ ಸಂದಿನ ಹತ್ತಿರ ಬಂದವನೇ ಎತ್ತುಗಳನ್ನು ತಡೆದು ನಿಲ್ಲಿಸಿದ.

“ಅಕ್ಕಾರ, ನಿನ್ನೆ ನಾ ಈ ದಾರಿಲೇ ಹೋಗೀನ್ರಿ. ನಿನ್ನೆ ಇಲ್ಲಿ ಮುಚ್ಚಿತ್ತು. ಇವತ್ತ ಬಾಯಿ ಬಿಟ್ಟೈತಿ. ರಾತ್ರಿ ಕಳಿಯೂದ್ರಾಗ ಬಿರುಕು ಬಿಟ್ಟ ಸೇತುವಿ ಮ್ಯಾಲ ನನ್ನ ಎತ್ತು ಹೊಡ್ಯಾಂಗಿಲ್ರಿ. ಮಕ್ಕಳಿದ್ದಂಗ ಸಾಕೇನಿ.”

ಅಪ್ಪಯ್ಯ ತಲೆ ತಗ್ಗಿಸಿದ. ಹಿಂದಿನ ಬಂಡಿಗಳವರೆಲ್ಲ ಇಳಿದರು. ಸಾಹೇಬರು ಗಡಿಯಾರ ನೋಡಿಕೊಂಡು ನನ್ನ ಕಡೆ ನೋಡಿದರು. ಧಾರವಾಡದ ಫ್ಯಾನು ನನ್ನ ತಲೆಯ ಮೇಲೆ ಗರಗರ ತಿರುಗತೊಡಗಿತು. ಏನು ಹೇಳಲಿ? ಉಷ್ಣ, ವಿಸ್ತರಣೆ, ಗುಣಾಂಕ, ಪುಸ್ತಕದ ಮಾತೆಲ್ಲ ನಾಲಿಗೆಯ ತುದಿಗೆ ಬಂದು ಅಲ್ಲೇ ಒಣಗಿತು. ಆಗ ಅವನ ಬಂಡಿಯ ಗಾಲಿ ಕಣ್ಣಿಗೆ ಬಿತ್ತು. ಮರದ ಗಾಲಿಯ ಸುತ್ತ ಬಿಗಿದ ಕಬ್ಬಿಣದ ಹಳಿ! ಅಯ್ಯೋ, ಇಲ್ಲೇ ಇದೆಯಲ್ಲ ಉತ್ತರ, ಇಷ್ಟು ದಿನ ನನ್ನೆದುರೇ ಉರುಳುತ್ತಿತ್ತಲ್ಲ!

“ಯಜಮಾನ್ರೇ, ಈ ಹಳಿ ಗಾಲಿಗೆ ಹೆಂಗೆ ಹಾಕಿಸ್ತೀರಿ?”

“ಹೆಂಗಂದ್ರ? ಕಮ್ಮಾರ ಹಳಿ ಕೆಂಪಗ ಕಾಸ್ತಾನ್ರಿ. ಕಾದ್ರ ಹಿಗ್ಗತೈತಿ, ಸಲೀಸ ಕೂಡ್ತೈತಿ. ಮ್ಯಾಲ ನೀರ ಸುರುವಿದ್ರ ಗಾಲಿನ್ನ ಗಪ್ಪಂತ ಹಿಡೀತೈತಿ.”

“ಕಾದ್ರೆ ಹಿಗ್ಗೋದು ಹಳಿ ಒಂದೇನಾ? ಈ ಸೇತುವೆ ಹೊಟ್ಟೆ ತುಂಬ ಕಬ್ಬಿಣದ ಸರಳಿದೆ. ಮೇಲೆ ಬೇಸಗೆ ಬಿಸಿಲಿದೆ. ಅದು ಹಿಗ್ಗೋದು ಬ್ಯಾಡ್ವಾ? ಹಿಗ್ಗಿದ್ರೆ ಎಲ್ಲಿಗೆ ಹೋಗ್ಬೇಕು?”

ಅವನು ಬಂಡಿಯಿಂದ ಇಳಿದು ಸಂದಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತ. ಹೆಬ್ಬೆರಳು ಹಾಕಿ ನೋಡಿದ. ಎದ್ದು ಗಾಲಿಯ ಹಳಿ ಮುಟ್ಟಿದ. ಮತ್ತೆ ಕುಳಿತ. “ಅಂದ್ರ ಇದು ಕಡಿಮಿ ಬಿದ್ದಿದ್ದಲ್ಲ. ಹಿಗ್ಗಾಕ ಬಿಟ್ಟ ಜಾಗ” ಎಂದ. “ಹಂಗಾರ ನಿನ್ನೆ ಮುಚ್ಚಿದ್ದು ಯಾರ್ರೀ?” ನಾನು ಬಾಯಿ ತೆರೆಯುವ ಮೊದಲೇ ಅಪ್ಪಯ್ಯ “ಆನು ಮಾರಾಯ, ಆನು. ಬುದ್ಧಿ ಇಲ್ದೆ ಮುಚ್ಚಿದ್ದು” ಎಂದು, ಟವೆಲು ಕೊಡವಿ, ಮೊದಲ ಬಂಡಿಯ ಚಿರೆಕಲ್ಲಿನ ಮೇಲೆ ಹತ್ತಿ ಕುಳಿತುಬಿಟ್ಟ. ಬಂಡಿಯ ಯಜಮಾನ ಜೋರಾಗಿ ನಕ್ಕು ಹಗ್ಗ ಹಿಡಿದ. “ಅಕ್ಕಾರ, ನೀವೆಲ್ಲಿ ನಿಂದರ್ತೀರಿ?” ಎಂದ.

“ಕೆಳಗೆ” ಎಂದೆ. ಹಾಸಿನ ಅಡಿಗೆ ನಾವು ಒಂದು ಮಾಪಕ ಕೂರಿಸಿದ್ದೆವು. ನೋಡಲು ಗಡಿಯಾರದಂತೆಯೇ ಇತ್ತು, ಒಂದು ಮುಳ್ಳು. ಹಾಸು ಕೂದಲೆಳೆಯಷ್ಟು ಬಗ್ಗಿದರೂ ಮುಳ್ಳು ತಿರುಗಿ ತೋರಿಸುತ್ತದೆ. ಅದನ್ನು ಓದುವುದು ನನ್ನ ಕೆಲಸ. ಊರವರು ತಂದಿಟ್ಟ ಅಷ್ಟೊಂದು ಗಡಿಯಾರಗಳ ನಡುವೆ ನನಗೆ ಗೊತ್ತಿದ್ದ ಗಡಿಯಾರ ಅದೊಂದೇ.

ಒಣಗಿದ ಹಳ್ಳಕ್ಕೆ ಇಳಿದು ಸೇತುವೆಯ ಅಡಿ ನಿಂತೆ. ಮೇಲೆ ಹಳಿಗಳ ಸದ್ದು ಶುರುವಾಗುವ ಹೊತ್ತಿಗೆ ಹಿಂದೆ ಕಲ್ಲು ಜಾರಿದ ಸದ್ದಾಯಿತು. ತಿರುಗಿ ನೋಡಿದರೆ ಆಯಿ! ಕೆಲಸದವರಿಗೆಂದು ಹೋಟೆಲಿನಿಂದ ಅವಲಕ್ಕಿ ಮಜ್ಜಿಗೆ ತಂದವಳು ಅದನ್ನು ದಡದಲ್ಲಿಟ್ಟು, ಸೀರೆ ಎತ್ತಿ ಕಟ್ಟಿ, ಕಲ್ಲು ಹಿಡಿಯುತ್ತ ಕೆಳಗಿಳಿಯುತ್ತಿದ್ದಳು. ಬೇಸಗೆಯಿಡೀ ಒಮ್ಮೆಯೂ ಈ ಕಡೆ ಕಾಲಿಡದವಳು.

“ಆಯಿ, ಮೇಲೆ ಹೋಗೇ. ಇಲ್ಲಿ ನಿಲ್ಲಲಾಗ.”

“ನೀ ನಿಂತಿದ್ಯಲೇ” ಎಂದಳು. ಬಂದು ನನ್ನ ಪಕ್ಕ ನಿಂತು ಕೈ ಹಿಡಿದಳು. ಕಣ್ಣು ಮೇಲೆ, ನಾನು ಕಟ್ಟಿಸಿದ ಆ ಬೂದು ಹಾಸಿನ ಮೇಲೆ.

ಮೊದಲ ಬಂಡಿ ಬಂತು. ಅದರ ಮೇಲೆ ಕುಳಿತ ಅಪ್ಪಯ್ಯನ ಕೆಮ್ಮು ಕೆಳಗೆ ಸ್ಪಷ್ಟವಾಗಿ ಕೇಳಿತು. ಎರಡನೆಯದು ಬಂತು, ಹಿಂದೆಯೇ ಉಳಿದವು. ಧೂಳು ಉದುರಿತು. ಮುಳ್ಳು ಸರಿಯತೊಡಗಿತು.

“ಮುಳ್ಳು ಹೋಗ್ತಾ ಇದ್ದಲೇ ಕೂಸೇ! ಬಗ್ತಾ ಇದ್ದು ಅಂದ್ರಾ?”

“ಬಗ್ಗಲೇಬೇಕು, ಆಯಿ. ಬಗ್ಗೋದು ತಪ್ಪಲ್ಲ. ಭಾರ ಇಳಿದ ಮೇಲೆ ಮುಳ್ಳು ಮೊದಲಿದ್ದಲ್ಲಿಗೆ ಬರಬೇಕು. ಬಂದ್ರೆ ಆನು ಗೆದ್ದೆ.”

ಬಂಡಿಗಳು ಮೇಲೆ ನಿಂತವು. ಎತ್ತು ಬಿಚ್ಚಿದರು. ಬಿಸಿಲೇರಿತು. ಮುಳ್ಳು ನಾನು ಲೆಕ್ಕ ಹಾಕಿ ಗುರುತಿಟ್ಟಿದ್ದ ಗೆರೆಗಿಂತ ಈಚೆಗೇ ನಿಂತುಕೊಂಡಿತು. ಆ ಹೊತ್ತಿನಲ್ಲಿ ಆಯಿ ಕೇಳಿದ ಪ್ರಶ್ನೆಗಳನ್ನು ಹುಬ್ಬಳ್ಳಿಯಲ್ಲಿ ಯಾವ ಪರೀಕ್ಷಕರೂ ಕೇಳಿರಲಿಲ್ಲ. ಮೇಲಿನ ಭಾಗಕ್ಕೆ ಏನಾಗುತ್ತದೆ, ಕೆಳಗಿನದಕ್ಕೆ ಏನಾಗುತ್ತದೆ, ಸರಳು ಅಡಿಗೇ ಯಾಕೆ ಹಾಕಿದೆ, ಬೆಂಚಿನ ಹಲಗೆಯನ್ನು ಅವತ್ತು ನಿಲ್ಲಿಸಿದ್ದು ಇದಕ್ಕೇನಾ. ಇದಕ್ಕೇ, ಇದಕ್ಕೇ ಎಂದು ನಾನು ಕುಣಿಯುತ್ತ ಉತ್ತರ ಕೊಟ್ಟೆ. ಓದಿದ್ದನ್ನೆಲ್ಲ ಯಾರಿಗೆ ಹೇಳಬೇಕೆಂದು ಅಷ್ಟು ವರ್ಷ ಒದ್ದಾಡಿದ್ದೆನೋ ಅವಳೇ ಈಗ ಕೇಳುತ್ತಿದ್ದಳು. ಮುಂದೆ ಇದಕ್ಕಿಂತ ಎಷ್ಟೋ ದೊಡ್ಡ ಸೇತುವೆಗಳ ಅಡಿ ನಿಂತಿದ್ದೇನೆ, ಅಷ್ಟು ಖುಷಿಯಾಗಿ ಎಲ್ಲೂ ನಿಂತಿಲ್ಲ.

ಸಾಹೇಬರು ಮೇಲಿನಿಂದ ಸೀಟಿ ಊದಿದರು. ಎತ್ತು ಹೂಡಿದರು. ಬಂಡಿಗಳು ಒಂದೊಂದಾಗಿ ಆಚೆ ದಡ ಸೇರತೊಡಗಿದವು. ನನ್ನ ಕಣ್ಣು ಮಂಜಾಯಿತು. ನೆಟ್ಟಗೆ ನೋಡಲಾರದೆ ಮುಖ ತಿರುಗಿಸಿದೆ. ನೋಡಿದವಳು ಆಯಿ.

“ಬತ್ತಾ ಇದ್ದು ಕೂಸೇ! ತಿರುಗಿ ಬತ್ತಾ ಇದ್ದು! ಬಂತು, ಬಂತು, ಮೊದಲಿದ್ದಲ್ಲಿಗೇ ಬಂತು!” ಹಳ್ಳವೆಲ್ಲ ಮೊಳಗುವಂತೆ ಅವಳು ಕೂಗಿದಳು. ಹೋಟೆಲಿನ ಅಡಿಗೆಮನೆಯಾಚೆ ಒಮ್ಮೆಯೂ ಕೇಳಿಸದ ಆ ದನಿ ಕೇಳಿ, ಅಪ್ಪಯ್ಯ ಮೇಲಿನಿಂದ ಬಗ್ಗಿ “ಎಂತ ಆತೇ?” ಎಂದ. ಸಾಹೇಬರು ಇಳಿದು ಬಂದು ಮುಳ್ಳು ನೋಡಿ, “ಯಲ್ಲಾಪುರಕ್ಕೆ ಸಾಮಾನು ಕಟ್ಟಿಕೊಳ್ಳಮ್ಮ” ಎಂದರು. ಅಂದಮೇಲೆ ಪಾಸು. ನಾನು ಆಯಿಯ ಕಡೆ ನೋಡಿದೆ. ಅವಳ ನಗು ತಟ್ಟನೆ ನಿಂತಿತ್ತು.

ಇಬ್ಬರೂ ದಡ ಹತ್ತಿದೆವು. ಅವಳು ಮುಂದೆ, ನಾನು ಹಿಂದೆ. ಮೇಲೆ ಬಂದು ಎತ್ತಿ ಕಟ್ಟಿದ ಸೀರೆ ಇಳಿಸಿ ಸರಿಮಾಡಿಕೊಂಡಳು. ಸೇತುವೆಯ ತುದಿಗೆ ನಡೆದು, ಆ ಸಂದಿನ ಎದುರು ನಿಂತಳು. ಅಪ್ಪಯ್ಯ ಕೆದಕುವಾಗ ಉಳಿದ ಒಂದು ಚೂರು ಗಾರೆ ಮೂಲೆಯಲ್ಲಿ ಅಂಟಿಕೊಂಡಿತ್ತು. ಬಗ್ಗಿ, ಉಗುರಿನಿಂದ ಅದನ್ನು ಕಿತ್ತು ಹಳ್ಳಕ್ಕೆ ಎಸೆದಳು.

“ಯಲ್ಲಾಪುರದ ಬದಿಗೆ ಚಳಿ ಜಾಸ್ತಿ ಇರ್ತು” ಎಂದಳು, ನನ್ನ ಕಡೆ ನೋಡದೆ. “ದಪ್ಪ ಕಂಬಳಿ ತಗಂಡು ಹೋಗು.”